ನಮ್ಮೂರಿನ ಬಿಸಿನೀರ ಬುಗ್ಗೆ

ನನ್ನ ಹೆಂಡತಿಯ ಅಣ್ಣ ಸೀನಭಾವನಿಗೆ ಒಂದು ಅಭ್ಯಾಸವಿದೆ. ನಾನು ಏನೇ ಹೇಳಲಿ, ಅವರು ನನ್ನ ಮುಖ ನೋಡುವುದಿಲ್ಲ. ತಂಗಿಯ ಕಡೆ ತಿರುಗಿ, “ಹೌದೇನಮ್ಮಾ ಶೋಭಾ?” ಎಂದು ಕೇಳುತ್ತಾರೆ. ಹೊರಗೆ ಮಳೆ ಬರುತ್ತಿದೆ ಎಂದರೂ ಹಾಗೇ, ನನಗೆ ಜ್ವರ ಬಂದಿದೆ ಎಂದರೂ ಹಾಗೇ. ಶೋಭಾರಾಣಿ “ಹ್ಞೂಂ ಅಣ್ಣ” ಎಂದರೆ ಮಾತ್ರ ನನಗೆ ಜ್ವರ. ನಾನು ಕಾಮಾಕ್ಷಿಪಾಳ್ಯದ ಒಂದು ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟೈಮ್ ಕೀಪರ್. ನಾನೂರು ಜನ ಎಷ್ಟು ಹೊತ್ತಿಗೆ ಬಂದರು, ಎಷ್ಟು ಹೊತ್ತಿಗೆ ಹೋದರು ಎಂಬ ವಿಷಯದಲ್ಲಿ ಅಲ್ಲಿ ನನ್ನ ಮಾತೇ ಕೊನೆ. ವಿಜಯನಗರದ ನನ್ನ ಮನೆಯೊಳಗೆ ಕಾಲಿಟ್ಟರೆ ಮಾತ್ರ ಮಹದೇವ್ ಎಂಬ ಮನುಷ್ಯನ ಮಾತಿಗೆ ಬೆಲೆಯೇ ಇಲ್ಲ. ಇಪ್ಪತ್ತೆರಡು ವರ್ಷ ಸಹಿಸಿದ್ದೇನೆ.

ಕಳೆದ ತಿಂಗಳು ಸೀನಭಾವ ಉತ್ತರದ ಕಡೆ ಟೂರ್ ಹೋಗಿ ಬಂದರು. ಬಂದವರೇ ಕೆಂಗೇರಿಯಿಂದ ಸೀದಾ ನಮ್ಮ ಮನೆಗೆ ಬಂದು, ಊಟಕ್ಕೆ ಕೂತು, ಎಡಗೈಯಲ್ಲಿ ಫೋನ್ ಹಿಡಿದು ಫೋಟೊ ತೋರಿಸತೊಡಗಿದರು. ಬೆಟ್ಟದ ಬುಡದಲ್ಲಿ ಹೊಗೆಯಾಡುವ ಒಂದು ಕೊಳ. ಅದರೊಳಗೆ ಕುತ್ತಿಗೆಯವರೆಗೆ ಮುಳುಗಿದ ಜನ.

“ಭೂಮಿಯಿಂದಾನೇ ಬಿಸಿನೀರು ಬರುತ್ತೆ. ಒಲೆ ಇಲ್ಲ, ಗೀಸರ್ ಇಲ್ಲ. ಮಂಡಿನೋವಿಗೆ ರಾಮಬಾಣ ಅಂತೆ. ನಂಗೆ ಇಳಿಯೋಕೆ ಜಾಗ ಸಿಗ್ಲಿಲ್ಲ, ಅಷ್ಟು ರಶ್ಶು. ಇಂಥದ್ದು ನಮ್ ಕಡೆ ಎಲ್ಲಿದೆ ಹೇಳಿ?” ಎಂದರು.

ನಾನು ಸುಮ್ಮನಿರಬಹುದಿತ್ತು. ಸಾರು ಬಡಿಸಿಕೊಳ್ಳುತ್ತಾ, “ನಮ್ಮೂರಲ್ಲೇ ಇದೆ” ಎಂದೆ.

ಸೀನಭಾವ ತಿರುಗಿದರು. “ಹೌದೇನಮ್ಮಾ ಶೋಭಾ?”

“ನಂಗೇನ್ ಗೊತ್ತಣ್ಣ? ನಾನು ಇವರೂರು ನೋಡೇ ಇಲ್ಲ.”

ಇದು ನಿಜ. ಬಿಡದಿಯಿಂದ ಒಳಗೆ ಹೋದರೆ ಸಿಗುವ ಗೌಜಲದೊಡ್ಡಿ ನನ್ನ ಹುಟ್ಟೂರು. ನನಗೆ ಎಂಟು ವರ್ಷವಾದಾಗ ಅಪ್ಪ ದೊಡ್ಡಹನುಮಯ್ಯನವರು ನಮ್ಮನ್ನು ಬೆಂಗಳೂರಿಗೆ ಕರೆತಂದರು. ಆಮೇಲೆ ನಾನು ಆ ಕಡೆ ತಲೆ ಹಾಕಿಲ್ಲ. ಆದರೆ ಆ ಬುಗ್ಗೆ ನನ್ನ ಕಣ್ಣಿಗೆ ಕಟ್ಟಿದ ಹಾಗಿದೆ. ಊರ ಹಿಂದೆ ಒಂದು ಕಲ್ಲುತೊಟ್ಟಿ, ಅದರ ಮೇಲೆ ಹಬೆ, ಮೂಗಿಗೆ ಬಡಿಯುವ ಔಷಧದ ವಾಸನೆ. ಸಂಜೆ ಹೊತ್ತು ಅಪ್ಪ ನನ್ನನ್ನು ಅದರಲ್ಲಿ ಕೂರಿಸಿ ಬೆನ್ನು ಉಜ್ಜುತ್ತಿದ್ದರು. ಇಷ್ಟನ್ನೂ ಹೇಳಿದೆ. ಒಂದೇ ಒಂದು ಸಣ್ಣ ವಿಷಯ ಬಿಟ್ಟೆ. ಅದು ಬೇಕಾಗಿಯೂ ಇರಲಿಲ್ಲ.

“ಸರಿ. ಬರೋ ಭಾನುವಾರ ಹೋಗೋಣ. ನನ್ ಕಾರು. ನಿಮ್ ಫ್ರೆಂಡ್ಸ್‌ನೂ ಕರ್ಕೊಳಿ, ಸಾಕ್ಷಿಗಿರ್ಲಿ. ಬುಗ್ಗೆ ಇದ್ರೆ ಇನ್ಮೇಲೆ ನಿಮ್ ಮಾತಿಗೆ ನಾನು ಶೋಭನ್ನ ಕೇಳೋದಿಲ್ಲ. ಇಲ್ದಿದ್ರೆ?” ಎಂದರು ಸೀನಭಾವ.

“ಇಲ್ದಿದ್ರೆ ಜನ್ಮದಲ್ಲಿ ನಿಮ್ಮುಂದೆ ಬಾಯಿ ಬಿಡಲ್ಲ” ಎಂದೆ. ಶೋಭಾರಾಣಿ ಅಣ್ಣನ ಕಡೆ ನೋಡಿ, “ಎರಡರಲ್ಲಿ ಯಾವ್ದಾದ್ರೂ ಒಳ್ಳೇದೇ” ಎಂದಳು.

ಪಾರ್ಕಿನಲ್ಲಿ ದಿನಾ ನನ್ನ ಜೊತೆ ವಾಕಿಂಗ್ ಮಾಡುವ ಗೆಳೆಯರು ಇಬ್ಬರು. ದುಂಡೇಶನಿಗೆ ಜೆರಾಕ್ಸ್ ಅಂಗಡಿ, ರೇವಣಸಿದ್ದ ನಿವೃತ್ತ ಬಸ್ ಡ್ರೈವರ್. ಇಬ್ಬರೂ ಒಪ್ಪಿದರು. ಬಿಡದಿಯಲ್ಲಿ ತಟ್ಟೆ ಇಡ್ಲಿ ಕೊಡಿಸಬೇಕು ಎಂಬುದು ದುಂಡೇಶನ ಒಂದೇ ಷರತ್ತು.

ಇಷ್ಟಕ್ಕೇ ನಿಲ್ಲಿಸಿದ್ದರೆ ನನ್ನ ಕಥೆ ಬರೀ ಅವಮಾನದಲ್ಲಿ ಮುಗಿಯುತ್ತಿತ್ತು. ಆದರೆ ನಾನು ಯಾವ ಕೆಲಸವನ್ನೂ ಅರ್ಧಂಬರ್ಧ ಮಾಡುವವನಲ್ಲ. ಕುದಿಯುವ ನೀರು ಪುಕ್ಕಟೆ ಸಿಗುವ ಜಾಗಕ್ಕೆ ಹೋಗಿ ಬರೀ ಮೈಯಲ್ಲಿ ಇಳಿಯುವುದು ಯಾವ ಬುದ್ಧಿವಂತಿಕೆ? ಮಂಡಿನೋವಿಗೆ ಎಣ್ಣೆನೀರಿಗಿಂತ ದೊಡ್ಡ ವೈದ್ಯ ಉಂಟೇ? ಕಾಮಾಕ್ಷಿಪಾಳ್ಯದ ಗಾಣದಿಂದ ಎರಡು ಲೀಟರ್ ಹರಳೆಣ್ಣೆ ತಂದೆ. ಎಣ್ಣೆ ತೆಗೆಯಲು ಒಂದು ಡಬ್ಬಿ ಹಸಿರು ಚಿಗರೆಪುಡಿ ಕಟ್ಟಿಕೊಂಡೆ.

“ಭಾನುವಾರ ಯಾರಾದ್ರೂ ಎಣ್ಣೆ ಹಚ್ಕೋತಾರೇನ್ರೀ?” ಎಂದಳು ಶೋಭಾರಾಣಿ.

“ಬುಗ್ಗೆಗೆ ವಾರ ಇಲ್ಲ” ಎಂದೆ.

ಹತ್ತೂವರೆಗೆ ಗೌಜಲದೊಡ್ಡಿ ತಲುಪಿದೆವು. ಸೀನಭಾವನ ಕಾರು ಹೊಸದು, ಸೀಟಿನ ಪ್ಲಾಸ್ಟಿಕ್ ಕವರನ್ನೇ ಇನ್ನೂ ತೆಗೆದಿರಲಿಲ್ಲ. ಊರ ಹೊರಗಿನ ಹನುಮಂತರಾಯನ ಗುಡಿ ಪಕ್ಕ ಕಾರು ನಿಲ್ಲಿಸಿದರು. ಬುಗ್ಗೆ ಇನ್ನೂ ಅರ್ಧ ಮೈಲಿ. ನಾನು ಗಡಿಯಾರ ನೋಡಿ, “ಎಣ್ಣೆ ಮುಕ್ಕಾಲು ಗಂಟೆ ನೆನೀಬೇಕು. ಇಲ್ಲೇ ಹಚ್ಕೊಂಡು ನಿಧಾನಕ್ಕೆ ನಡೆದ್ರೆ ಟೈಮ್ ಸರಿಹೋಗುತ್ತೆ” ಎಂದೆ.

“ಮೊದ್ಲು ನೀರು ನೋಡೋಣ ಮಾರಾಯಾ, ಆಮೇಲೆ ಎಣ್ಣೆ” ಎಂದ ರೇವಣಸಿದ್ದ.

“ನಂಬಿಕೆ ಇಲ್ದಿದ್ರೆ ವಾಪಸ್ ಹೋಗೋಣ.”

ನಂಬಿಕೆಯ ಪ್ರಶ್ನೆ ಬಂದಮೇಲೆ ಎಲ್ಲರೂ ಬಟ್ಟೆ ಬಿಚ್ಚತೊಡಗಿದರು. ಬಟ್ಟೆಗಳನ್ನು ಕಾರಿನಲ್ಲಿಟ್ಟು, ಚಡ್ಡಿಯ ಮೇಲೆ ಟವೆಲ್ ಸುತ್ತಿ, ನಾಲ್ವರೂ ನೆತ್ತಿಯಿಂದ ಹಿಮ್ಮಡಿಯವರೆಗೆ ಹರಳೆಣ್ಣೆ ಬಳಿದುಕೊಂಡೆವು. ಹರಳೆಣ್ಣೆ ಕೊಬ್ಬರಿ ಎಣ್ಣೆಯ ಹಾಗೆ ಸಭ್ಯವಾದ ಪದಾರ್ಥವಲ್ಲ, ಹಿಡಿದರೆ ಬಿಡುವುದಿಲ್ಲ. ಸೀನಭಾವ ಕಾರಿಗೆ ಬೀಗ ಹಾಕಿ, ಒಂದು ಕೈಯಲ್ಲಿ ಕೀ, ಇನ್ನೊಂದರಲ್ಲಿ ಫೋನ್ ಹಿಡಿದು, ತಮ್ಮ ಹಳೇ ಮಂಡಿನೋವಿನಿಂದ ಕುಂಟುತ್ತಾ ಹೊರಟರು. ಬುಗ್ಗೆಯ ಫೋಟೊ ತೆಗೆದು ತಂಗಿಗೆ ಕಳಿಸಬೇಕಿತ್ತಂತೆ.

ಕಲ್ಲುತೊಟ್ಟಿ ಇತ್ತು. ನಾನು ಹೇಳಿದ ಜಾಗದಲ್ಲೇ ಇತ್ತು. ಅಷ್ಟರಮಟ್ಟಿಗೆ ನನ್ನ ಮಾತು ನೂರಕ್ಕೆ ನೂರು ನಿಜ. ಅದು ಒಡೆದು ಅರ್ಧ ಹೂತುಹೋಗಿತ್ತು. ಸುತ್ತ ಹಸಿರು ನೀರಿನ ಗುಂಡಿ. ಗುಂಡಿಯ ನಡುವೆ ಒಂದು ಎಮ್ಮೆ ಮಲಗಿ ಮೆಲುಕು ಹಾಕುತ್ತಿತ್ತು.

ನಾನು ಬಗ್ಗಿ ಬೆರಳು ಅದ್ದಿದೆ. ತಣ್ಣಗಿತ್ತು.

“ಮೇಲೆ ತಣ್ಣಗಿರುತ್ತೆ, ಒಳಗೆ ಬಿಸಿ. ದುಂಡೇಶ, ಇಳಿಯೋ” ಎಂದೆ.

ದುಂಡೇಶ ಒಳ್ಳೆಯವನು. ಇಳಿದ. ಸೊಂಟದವರೆಗೆ ಹೋಗಿ, “ಒಳಗೂ ತಣ್ಣಗೇ ಇದೆ ಗುರೂ” ಎಂದು ಹಲ್ಲು ಕಡಿಯುತ್ತಾ ಮೇಲೆ ಬಂದ. ನೀರು ಅವನ ಮೈಮೇಲೆ ನಿಲ್ಲದೆ ಗುಂಡುಗುಂಡಾಗಿ ಉರುಳಿತು. ಎಣ್ಣೆ ಹಾಗೇ ಉಳಿಯಿತು. ಚಿಗರೆಪುಡಿಯಿಂದ ಹೋಗಬಹುದೆಂದು ನಾನೇ ಎರಡು ಹಿಡಿ ಉಜ್ಜಿದೆ. ಹೋಗಲಿಲ್ಲ. ಅವನು ಹಸಿರು ಬಣ್ಣಕ್ಕೆ ತಿರುಗಿದ, ಅಷ್ಟೇ.

ಸೀನಭಾವ ಬಹಳ ಹೊತ್ತು ಆ ಗುಂಡಿಯನ್ನೇ ನೋಡಿದರು. ತಂಗಿ ಅಲ್ಲಿರಲಿಲ್ಲವಲ್ಲ. ಎಮ್ಮೆಯ ಕಡೆ ತಿರುಗಿ, “ಹೌದೇನಮ್ಮಾ?” ಎಂದು ಕೇಳಿದರು.

ಕೇಳುವ ಭರದಲ್ಲಿ ಕೈ ಬೀಸಿದರು. ಎಣ್ಣೆಗೈಯಿಂದ ಕಾರಿನ ಕೀ ಜಾರಿ ಎಮ್ಮೆಯ ಹೊಟ್ಟೆಯ ಪಕ್ಕ ಬಿದ್ದು ಮುಳುಗಿತು. ರೇವಣಸಿದ್ದ ಮೂವತ್ತು ವರ್ಷ ಬಸ್ ಓಡಿಸಿದ ಗಂಟಲಿನಿಂದ ಎಮ್ಮೆಗೆ ಕೂಗಿದ. ಎಮ್ಮೆ ಸ್ವಲ್ಪ ಹೊರಳಿ ಕೀ ಬಿದ್ದ ಜಾಗದ ಮೇಲೇ ಸರಿಯಾಗಿ ಮಲಗಿತು.

ಬಟ್ಟೆಯೂ ನಮ್ಮ ಫೋನುಗಳೂ ಕಾರಿನಲ್ಲಿ, ಕೀ ಎಮ್ಮೆಯ ಕೆಳಗೆ. ಯಾರಿಗಾದರೂ ಫೋನ್ ಮಾಡೋಣವೆಂದರೆ ಸೀನಭಾವನ ಫೋನು ಅವರ ಎಣ್ಣೆ ಬೆರಳನ್ನೇ ಒಪ್ಪಲಿಲ್ಲ. ಹತ್ತೂ ಬೆರಳು ಒತ್ತಿದರು. ಪಾಸ್‌ವರ್ಡ್ ಏನು ಎಂದು ಕೇಳಿದರೆ, ಅದನ್ನು ಹಾಕಿಕೊಟ್ಟಿದ್ದು ಅಂಗಡಿಯವನು ಎಂದರು. ಇಂಥವರು ನನ್ನ ಮಾತನ್ನು ಪರೀಕ್ಷೆ ಮಾಡುತ್ತಾರೆ.

“ಊರೊಳಗೆ ಹೋಗಿ ಯಾರದಾದ್ರೂ ಮನೇಲಿ ಬಿಸಿನೀರು ಕೇಳೋಣ. ನಮ್ಮೂರ ಜನ ಇಲ್ಲ ಅನ್ನಲ್ಲ” ಎಂದೆ.

ಈಗ ಆ ಊರಿನ ಸ್ಥಿತಿ ನಿಮಗೆ ಗೊತ್ತಿರಬೇಕು, ನಮಗೆ ಆಗ ಗೊತ್ತಿರಲಿಲ್ಲ. ಹಿಂದಿನ ರಾತ್ರಿಯೇ ಊರಿನ ವಾಟ್ಸಾಪ್ ಗುಂಪಿಗೆ ಒಂದು ಸಂದೇಶ ಬಂದಿತ್ತಂತೆ: ಚಡ್ಡಿ ಗ್ಯಾಂಗ್ ಬಂದಿದೆ, ಹಿಡಿದರೆ ಜಾರಲೆಂದು ಮೈಗೆಲ್ಲ ಎಣ್ಣೆ ಬಳಿದುಕೊಂಡಿರುತ್ತಾರೆ, ನೀರು ಕೇಳುವ ನೆಪದಲ್ಲಿ ಬಾಗಿಲು ತಟ್ಟುತ್ತಾರೆ, ಎಲ್ಲರಿಗೂ ಕಳಿಸಿ.

ಮೊದಲ ಮನೆಯ ಬಾಗಿಲು ತಟ್ಟಿದೆ. ಕಿಟಕಿಯಿಂದ ಒಬ್ಬ ಹೆಣ್ಣುಮಗಳು ಇಣುಕಿದಳು. ಅವಳ ಹೆಸರು ಶಿಲ್ಪಾ, ಅವಳೇ ಆ ಗುಂಪಿನ ಅಡ್ಮಿನ್ ಎಂದು ಆಮೇಲೆ ತಿಳಿಯಿತು.

“ಅಮ್ಮಾ, ಸ್ವಲ್ಪ ಬಿಸಿನೀರು ಕೊಡ್ತೀರಾ?” ಎಂದೆ, ಸಾಧ್ಯವಾದಷ್ಟು ನಯವಾಗಿ.

ಅವಳು ನನ್ನ ಎಣ್ಣೆ ನೋಡಿದಳು, ಟವೆಲ್ ಕೆಳಗೆ ಇಣುಕುತ್ತಿದ್ದ ಚಡ್ಡಿ ನೋಡಿದಳು, ಹಿಂದೆ ಹಸಿರಾಗಿ ನಿಂತಿದ್ದ ದುಂಡೇಶನನ್ನು ನೋಡಿದಳು. “ಬಂದ್ರು! ಹಗಲು ಹೊತ್ತಲ್ಲೇ ಬಂದವ್ರೆ! ನೀರೇ ಕೇಳ್ತಾವ್ರೆ!” ಎಂದು ಕಿರುಚಿದಳು.

ಎರಡು ನಿಮಿಷದಲ್ಲಿ ಊರಿಗೆ ಊರೇ ಸೇರಿತು. ಒಬ್ಬನ ಕೈಯಲ್ಲಿ ಒನಕೆ, ಇನ್ನೊಬ್ಬನ ಕೈಯಲ್ಲಿ ಕ್ರಿಕೆಟ್ ವಿಕೆಟ್ಟು. “ಹಿಡೀರಿ ಆ ದಪ್ಪಗಿರೋನ್ನ!” ಎಂದರು. ಮೂವರು ದುಂಡೇಶನನ್ನು ಹಿಡಿದರು. ಅವನು ತಪ್ಪಿಸಿಕೊಳ್ಳಲು ಯತ್ನಿಸಲಿಲ್ಲ, ದೇವರಾಣೆ. ಅವನು ಸುಮ್ಮನೆ ನಿಂತಿದ್ದ, ಅವರ ಕೈಗಳೇ ಜಾರಿದವು. ಮತ್ತೆ ಹಿಡಿದರು, ಮತ್ತೆ ಜಾರಿದ.

“ನೋಡಿದ್ರಾ! ಮೆಸೇಜಲ್ಲಿ ಇದ್ದಿದ್ದು ಹಿಂಗೇಯಾ!” ಎಂದಳು ಶಿಲ್ಪಾ.

“ಅಣ್ಣಾ, ನಂದು ಜೆರಾಕ್ಸ್ ಅಂಗಡಿ!” ಎಂದು ದುಂಡೇಶ ಅತ್ತ. ಯಾರೂ ಕೇಳಲಿಲ್ಲ.

ಕಾನ್‌ಸ್ಟೇಬಲ್ ಸೋಮಲಿಂಗಪ್ಪನವರು ಬೈಕಿನಲ್ಲಿ ಬಂದರು. ದೊಡ್ಡ ಮೀಸೆಯ ಹಿರಿಯ ಮನುಷ್ಯ. ನನ್ನ ರಟ್ಟೆ ಹಿಡಿಯಲು ಹೋಗಿ, ಕೈ ಜಾರಿ, ತಮ್ಮ ಅಂಗೈಯನ್ನು ಮೂಸಿ ನೋಡಿದರು.

“ಹರಳೆಣ್ಣೆ. ಹಳೇ ಕಸುಬುದಾರರು. ಆಧಾರ್ ಕಾರ್ಡ್ ಎಲ್ಲಯ್ಯಾ?” ಎಂದರು.

“ಕಾರಲ್ಲಿದೆ ಸಾರ್.”

“ಕಾರಿನ ಕೀ?”

“ಎಮ್ಮೆ ಕೆಳಗಿದೆ ಸಾರ್.”

“ಓಹೋ. ಯಾಕ್ ಬಂದ್ರಿ ಈ ಊರಿಗೆ?”

“ಬಿಸಿನೀರಿನ ಬುಗ್ಗೆ ನೋಡೋಕೆ ಸಾರ್.”

ಊರಿನವರು ಮುಖಮುಖ ನೋಡಿಕೊಂಡರು. “ಹುಟ್ಟಿದಾಗಿನಿಂದ ಇಲ್ಲೇ ಇದೀವಿ, ಯಾವ ಬುಗ್ಗೆ?” ಎಂದರು. ಸೋಮಲಿಂಗಪ್ಪನವರು ನಿಟ್ಟುಸಿರು ಬಿಟ್ಟು ಫೋನ್ ತೆಗೆದರು. “ಜೀಪ್ ಕಳ್ಸಿ. ಹಾಂ, ನಾಲ್ಕು ಜನ. ಸೀಟಿಗೆ ಏನಾದ್ರೂ ಹಾಸ್ಕೊಂಡು ಬನ್ನಿ” ಎಂದರು.

“ಸಾರ್, ನಾನು ಇದೇ ಊರಿನೋನು! ದೊಡ್ಡಹನುಮಯ್ಯನ ಮಗ!” ಎಂದು ಕೂಗಿದೆ.

ಗುಂಪಿನ ಹಿಂದಿನಿಂದ ಒಂದು ಕೋಲು ಬಂತು, ಕೋಲಿನ ಹಿಂದೆ ಒಬ್ಬ ಮುದುಕಿ. “ಯಾವ ದೊಡ್ಡನುಮಯ್ಯ? ಅವನ ಮಗ ಆದ್ರೆ ಹೇಳು, ಆ ತೊಟ್ಟಿ ನೀರಲ್ಲಿ ಏನು ತೇಲ್ತಿತ್ತು? ನೀನು ಅದ ನೋಡಿ ದಿನಾ ಕಿರುಚೋನು” ಎಂದಳು.

ಅದೇ ನಾನು ಬಿಟ್ಟಿದ್ದ ಸಣ್ಣ ವಿಷಯ. ಹೇಳಿದರೆ ಏನಾಗುತ್ತದೆಂದು ನನಗೆ ಆ ಕ್ಷಣ ಅರ್ಧ ಹೊಳೆದಿತ್ತು. ಹೇಳದಿದ್ದರೆ ಜೀಪು. ಸೀನಭಾವ ನನ್ನನ್ನೇ ನೋಡುತ್ತಿದ್ದರು. ಇಪ್ಪತ್ತೆರಡು ವರ್ಷದಲ್ಲಿ ಅವರು ನನ್ನ ಉತ್ತರಕ್ಕಾಗಿ ಕಾದದ್ದು ಅದೇ ಮೊದಲು.

“ಹುಳ” ಎಂದೆ. “ಕಂದು ಬಣ್ಣದ್ದು. ಕಡ್ಲೆಕಾಯಿ ಬೀಜದ ಥರ. ಅಪ್ಪ ಔಷಧಿ ಅಂತಿದ್ರು.”

“ಅಯ್ಯೋ ನನ್ನಪ್ಪಾ!” ಎಂದು ಮುದುಕಿ ಕೋಲು ಬಿಟ್ಟು ನನ್ನ ಕೆನ್ನೆ ಹಿಡಿದಳು. ಅವಳ ಕೈ ಮಾತ್ರ ಜಾರಲಿಲ್ಲ. “ಬಿಡ್ರಲಾ, ಇವ್ನು ನಮ್ ಹುಡ್ಗ! ಬುಗ್ಗೆಯಂತೆ ಬುಗ್ಗೆ. ಅಲ್ಲಿ ರೇಷ್ಮೆ ನೂಲು ತೆಗಿಯೋ ಫ್ಯಾಕ್ಟ್ರಿ ಇತ್ತಲ್ವಾ, ಗೂಡು ಬೇಯ್ಸಿದ್ ನೀರನ್ನ ಆ ತೊಟ್ಟೀಗೆ ಬಿಡೋರು. ನಾನೂ ಇವರಪ್ಪನೂ ಅಲ್ಲೇ ಕೆಲ್ಸಕ್ಕಿದ್ವಿ. ಮುಚ್ಚಿ ಮೂವತ್ತೈದು ವರ್ಸ ಆಯ್ತು.”

ಮೊದಲು ಸೋಮಲಿಂಗಪ್ಪನವರು ನಗಲು ಶುರು ಮಾಡಿದರು. ಊರೆಲ್ಲ ನಕ್ಕಿತು. ದುಂಡೇಶನೂ ಅಳು ನಿಲ್ಲಿಸಿ ನಕ್ಕ. “ಚರಂಡಿ ನೀರಿಗೆ ಅರ್ಧ ದಿನ ರಜೆ ಹಾಳು ಮಾಡ್ಕೊಂಡ್ನಲ್ಲೋ!” ಎಂದ ರೇವಣಸಿದ್ದ, ನಿವೃತ್ತನಾಗಿ ಎರಡು ವರ್ಷವಾಗಿರುವ ಮನುಷ್ಯ. ಸೀನಭಾವ ನಗಲಿಲ್ಲ. ಅದು ಇನ್ನೂ ಕೆಟ್ಟದ್ದಾಗಿತ್ತು.

ಆ ಮುದುಕಿ, ಯಶೋದಮ್ಮ, ನಮ್ಮನ್ನು ತನ್ನ ಹಿತ್ತಲಿಗೆ ಕರೆದೊಯ್ದು, ಹಂಡೆ ತುಂಬಿಸಿ ಒಲೆ ಹಚ್ಚಿದಳು. ಸೌದೆ ನೂಕುತ್ತಾ ನನಗೆ ಹೇಳಿದಳು: “ಮನೇಲಿ ನೀರು ಕಾಯ್ಸಕ್ಕೆ ಸೌದೆ ಇರ್ತಿರ್ನಿಲ್ಲ ಕಣಪ್ಪ. ನಿಮ್ಮಪ್ಪ ಪಾಳಿ ಮುಗಿಯೋದೇ ತಡ, ಆ ನೀರು ತಣ್ಣಗಾಗೋ ಮುಂಚೆ ನಿನ್ನ ಎತ್ಕಂಡು ಓಡ್ ಬರೋನು. ನೀನು ಹುಳ ನೋಡಿ ಅಳೋನು. ಅದಕ್ಕೇ ದೇವರ ಬುಗ್ಗೆ, ಔಷಧಿ ಅಂತ ಕಥೆ ಕಟ್ಟಿದ್ದ.”

ನನಗೆ ಅಪ್ಪನ ಮೇಲೆ ಬಂದ ಕೋಪ ಅಷ್ಟಿಷ್ಟಲ್ಲ. ಕೋಪದ ಜೊತೆಗೇ ಕಣ್ಣಲ್ಲಿ ನೀರೂ ಬಂತು. ಸಂಜೆ ಹೊತ್ತು ಅವರು ನನ್ನನ್ನು ಎತ್ತಿಕೊಂಡು ಓಡಿ ಬರುತ್ತಿದ್ದುದು ನೆನಪಾಗಿ ತುಂಬ ಸಂಕಟವಾಯಿತು. ಹರಳೆಣ್ಣೆ ಕಣ್ಣಿಗೆ ಹೋಯಿತು ಎಂದು ಎಲ್ಲರಿಗೂ ಹೇಳಿದೆ.

ಯಶೋದಮ್ಮ ಎಲ್ಲರನ್ನೂ ಸಾಲಾಗಿ ಕೂರಿಸಿ ನೀರು ಹುಯ್ದಳು. ಸೀನಭಾವನ ಸರದಿ ಬಂದಾಗ ಅವರ ಮಂಡಿಯನ್ನು ಕಂಡು, “ಇದೇನಿದು ಕುಂಬಳಕಾಯಿ?” ಎಂದು ಹಿಡಿದು ತಿಕ್ಕಿದಳು. ಅವರು ಊರು ಕೇಳುವ ಹಾಗೆ ಕೂಗಿದರು. ಸುಡುಸುಡು ನೀರು ಆರು ಚೊಂಬು ಬಿತ್ತು. ಸ್ನಾನ ಮುಗಿದ ಮೇಲೆ, ಯಾರ ಕೈಯನ್ನೂ ಹಿಡಿಯದೆ, “ಅಮ್ಮಾ” ಎನ್ನದೆ, ಸೀನಭಾವ ಕಲ್ಲಿನಿಂದ ಎದ್ದು ನಿಂತರು. ಎರಡು ಸಲ ಕೂತು ಎದ್ದರು.

ಮೂರು ಗಂಟೆಗೆ ಎಮ್ಮೆ ತಾನಾಗಿಯೇ ಎದ್ದು ಮನೆಗೆ ಹೋಯಿತು. ಕೀ ಸಿಕ್ಕಿತು.

ದಾರಿಯುದ್ದಕ್ಕೂ ಸೀನಭಾವ ಮೌನ. ಇನ್ನು ನನಗೆ ಬಾಯಿ ಇಲ್ಲ ಎಂದು ನಾನೂ ಮೌನ. ಸಂಜೆ ವಿಜಯನಗರದಲ್ಲಿ ದುಂಡೇಶನನ್ನೂ ರೇವಣಸಿದ್ದನನ್ನೂ ಇಳಿಸುವಾಗ ಮಾತ್ರ ಸೀನಭಾವ, “ಪೊಲೀಸ್ ವಿಷ್ಯ, ಚಡ್ಡಿ ವಿಷ್ಯ ಯಾರ್ ಬಾಯಲ್ಲಾದ್ರೂ ಬಂದ್ರೆ ಅಷ್ಟೇ” ಎಂದರು.

ನಮ್ಮ ಮನೆಯ ಬಾಗಿಲಲ್ಲಿ ಶೋಭಾರಾಣಿ ನಿಂತಿದ್ದಳು. ಅವಳ ಹಿಂದೆ ಸೀನಭಾವನ ಹೆಂಡತಿ ಕವನಾ, ನನ್ನ ಸೋಲನ್ನು ಕಣ್ಣಾರೆ ನೋಡಲು ಕೆಂಗೇರಿಯಿಂದ ಮೆಟ್ರೋ ಹತ್ತಿ ಬಂದಿದ್ದರು.

“ಏನಾಯ್ತಣ್ಣಾ? ಇತ್ತಾ?” ಎಂದಳು ಶೋಭಾರಾಣಿ.

ಸೀನಭಾವ ಚಪ್ಪಲಿ ಬಿಟ್ಟರು. ಹೆಂಡತಿಯ ಮುಖ ನೋಡಿದರು. ನನ್ನ ಮುಖ ನೋಡಿದರು. ಮೂರು ಮೆಟ್ಟಿಲನ್ನು ಕುಂಟದೆ ಹತ್ತಿ, “ಇದೆ ಕಣಮ್ಮಾ. ಕುದೀತಾ ಇದೆ. ಟೂರಲ್ಲಿ ನೋಡಿದ್ನಲ್ಲ, ಅದು ಇದರ ಮುಂದೆ ಏನೂ ಅಲ್ಲ. ನನ್ ಮಂಡಿ ನೋಡು!” ಎಂದು ಅಲ್ಲೇ ಕೂತು ಎದ್ದು ತೋರಿಸಿದರು.

ನಾನು ಬಾಯಿ ಬಿಟ್ಟೆ.

“ಮಹದೇವ್ ಹೇಳಿದ್ದು ಅಕ್ಷರಶಃ ನಿಜ. ಇನ್ಮೇಲೆ ಅವ್ರ ಮಾತಿಗೆ ನಾನು ನಿನ್ನ ಕೇಳಲ್ಲ” ಎಂದು ನನ್ನ ಹೆಗಲ ಮೇಲೆ ಕೈಯಿಟ್ಟು ಒತ್ತಿದರು. ಆ ಒತ್ತುವಿಕೆಯಲ್ಲಿ ಸೋಮಲಿಂಗಪ್ಪನವರ ಹೆಸರು ಎತ್ತಬಾರದೆಂಬ ಎಚ್ಚರಿಕೆಯಿತ್ತು.

ಇಪ್ಪತ್ತೆರಡು ವರ್ಷ ಕಾದ ಮಾತು ಅದು. ಕೇಳಿ ಎದೆ ಉಬ್ಬಬೇಕಿತ್ತು. ಉಬ್ಬಲಿಲ್ಲ. ಆ ಹೊತ್ತಿಗೆ ಕವನಾ ಅತ್ತಿಗೆ ಆಗಲೇ ಫೋನ್ ಹಿಡಿದಿದ್ದರು. ತವರಿನವರು, ಅಕ್ಕಪಕ್ಕದವರು, ಭಜನೆ ಮಂಡಳಿಯವರು. ಮಂಡಿನೋವಿಲ್ಲದವರು ಕೆಂಗೇರಿಯಲ್ಲಿ ಯಾರೂ ಇದ್ದ ಹಾಗೆ ಕಾಣಲಿಲ್ಲ. ರಾತ್ರಿ ಊಟದ ಹೊತ್ತಿಗೆ ಮಿನಿಬಸ್ ಬುಕ್ ಆಗಿತ್ತು. ಇಪ್ಪತ್ತಾರು ಜನ. ಮುಂದಿನ ಭಾನುವಾರ.

ಅವರೆಲ್ಲ ಹೋದಮೇಲೆ ನಾನು ಶೋಭಾರಾಣಿಯನ್ನು ಕೂರಿಸಿಕೊಂಡು, ಬಿಡಿಸಿ ಬಿಡಿಸಿ ಸತ್ಯ ಹೇಳಿದೆ. ಫ್ಯಾಕ್ಟರಿ, ಹುಳು, ಎಮ್ಮೆ, ಒನಕೆ, ಜೀಪು, ಯಾವುದನ್ನೂ ಬಿಡಲಿಲ್ಲ. ಬುಗ್ಗೆ ಇಲ್ಲವೇ ಇಲ್ಲ ಎಂದೆ.

ಅವಳು ಪೂರ್ತಿ ಕೇಳಿದಳು. ಆಮೇಲೆ ಫೋನ್ ತೆಗೆದು ಅಣ್ಣನಿಗೆ ಹಚ್ಚಿದಳು. “ಅಣ್ಣಾ, ಇವ್ರು ಬುಗ್ಗೆ ಇಲ್ಲ ಅಂತಿದಾರೆ. ಹೌದೇನಣ್ಣಾ?” ಎಂದಳು. ಆ ಕಡೆಯ ಉತ್ತರ ಕೇಳಿ ಫೋನ್ ಇಟ್ಟು, “ಜನ ಜಾಸ್ತಿ ಬರ್ತಾರೆ ಅಂತ ಸುಳ್ಳು ಹೇಳ್ಬೇಡಿ. ಅಣ್ಣನ ಮಂಡಿ ನಾನೇ ಕಣ್ಣಾರೆ ನೋಡ್ಲಿಲ್ವಾ?” ಎಂದಳು.

ಸೋಮವಾರ ಬೆಳಿಗ್ಗೆ ಫ್ಯಾಕ್ಟರಿಯ ಗೇಟಿನ ಹತ್ತಿರ ನಿಂತು, ಶಿಲ್ಪಾಳ ನಂಬರ್ ಹುಡುಕಿ ಫೋನ್ ಮಾಡಿ, ಯಶೋದಮ್ಮನಿಗೆ ಕೊಡಿಸಿದೆ.

“ಅಜ್ಜೀ, ನಿಮ್ಮೂರಲ್ಲಿ ಒಟ್ಟು ಎಷ್ಟು ಹಂಡೆ ಇದಾವೆ?”

“ಮದುವೆ ಹಂಡೆಗಳೂ ಸೇರಿ ಒಂಬತ್ತು ಐತೆ. ಯಾಕಪ್ಪಾ?”

ಹೇಳಿದೆ. ಮುದುಕಿ ಅಲ್ಲೇ ಲೆಕ್ಕ ಹಾಕಿದಳು.

“ಬೆಳಗಿನ ಜಾವ ನಾಲ್ಕಕ್ಕೇ ಒಲೆ ಹಚ್ಬೇಕು” ಎಂದಳು ಕೊನೆಗೆ. “ನೀನು ಶನಿವಾರಾನೇ ಬಂದ್ಬುಡು, ತೊಟ್ಟಿ ಒಡಕು ಮೆತ್ತಬೇಕು. ಬಿಸಿ ಆರೋ ಮುಂಚೆ ನೀರು ಹೊತ್ಕಂಡು ತೊಟ್ಟಿ ತಂಕ ಓಡ್ಬೇಕಲ್ಲಾ, ಹಂಗ್ ಓಡೋದು ನಿಮ್ಮಪ್ಪನ್ ಕೆಲ್ಸ ಆಗಿತ್ತು. ಈಗ ನಿಂದು.”